ಊರು ಕಟ್ಟುವ ಆಟ, ಊರು ಮುಳುಗುವ ಲೆಕ್ಕ

ಮೇಜಿನ ಮೇಲೆ ಹರಡಿದ ಒಂದು ಪಟ, ಕೈಯಲ್ಲಿ ಹಿಡಿದ ಕೆಲವು ಎಲೆಗಳು, ಮರದ ಬಿಲ್ಲೆಗಳು ಮತ್ತು ರಟ್ಟಿನ ನಾಣ್ಯಗಳು, ಇಷ್ಟೇ ಸಾಮಗ್ರಿಯಿಂದ ಒಂದು ಪಟ್ಟಣವನ್ನು ಎಬ್ಬಿಸಿ ನಿಲ್ಲಿಸುವ ಆಟಗಳು ಕಳೆದ ಮೂರು ದಶಕಗಳಲ್ಲಿ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕ ಮತ್ತು ಜಪಾನುಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದಿವೆ. ಇಲ್ಲಿ ಎಲೆ ಎಂದರೆ ಇಸ್ಪೀಟಿನ ಎಲೆಯ ಗಾತ್ರದ ಕಾರ್ಡು. ಅದರ ಮೇಲೆ ರಾಜ, ರಾಣಿಯರ ಬದಲು ಒಂದು ಬೇಕರಿಯೋ ಬಂದರೋ ಶಾಲೆಯೋ ಅಚ್ಚಾಗಿದ್ದು, ಅದನ್ನು ಕಟ್ಟಲು ತಗಲುವ ಖರ್ಚು ಮತ್ತು ಕಟ್ಟಿದ ಮೇಲೆ ಬರುವ ಫಲ ಎರಡೂ ಅದರಲ್ಲೇ ನಮೂದಾಗಿರುತ್ತವೆ. ಸೀಮಿತ ಹಣ, ಸೀಮಿತ ಸಾಮಗ್ರಿ ಮತ್ತು ಸೀಮಿತ ಸರದಿಗಳೊಳಗೆ ಯಾರ ಊರು ಹೆಚ್ಚು ಸಮರ್ಥವಾಗಿ ಬೆಳೆಯಿತು ಎಂಬುದರ ಮೇಲೆ ಅಂಕಗಳು ಸಲ್ಲುತ್ತವೆ, ಮತ್ತು ಆಟ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರ ಮುಂದೆಯೂ ಒಂದು ಊರು ನಿಂತಿರುತ್ತದೆ.

ಇಂಥ ಆಟಗಳ ಬಗ್ಗೆ ಆಡುವವರು ಹೇಳುತ್ತ ಬಂದಿರುವ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಮೂರು ತಕರಾರುಗಳ ಸುತ್ತ ಸುತ್ತುತ್ತವೆ: ಗೆಲುವಿನಲ್ಲಿ ಅದೃಷ್ಟದ ಪಾಲೆಷ್ಟು, ಒಬ್ಬರ ಊರು ಇನ್ನೊಬ್ಬರ ಊರನ್ನು ಎಷ್ಟರಮಟ್ಟಿಗೆ ತಟ್ಟುತ್ತದೆ, ಬೆಳವಣಿಗೆಗೆ ಕಟ್ಟಬೇಕಾದ ಬೆಲೆಯನ್ನು ಆಟ ತೋರಿಸುತ್ತದೆಯೋ ಮರೆಮಾಚುತ್ತದೆಯೋ. ಇವು ಕೇವಲ ರುಚಿಯ ಪ್ರಶ್ನೆಗಳಂತೆ ಕಂಡರೂ, ಊರುಗಳು ನಿಜವಾಗಿ ಹೇಗೆ ಬೆಳೆಯುತ್ತವೆ ಎಂಬುದರ ಬಗೆಗಿನ ನಿಲುವುಗಳೂ ಆಗಿವೆ. ಆದ್ದರಿಂದ ಅವುಗಳನ್ನು ಒರೆಗೆ ಹಚ್ಚಲು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಿಗಿಂತ ಸೂಕ್ತವಾದ ನೆಲ ಸುಲಭಕ್ಕೆ ಸಿಗದು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಹಾಗೂ ಅವುಗಳ ದಂಡೆಗುಂಟ ಹರಡಿರುವ ಈ ಸೀಮೆಯಲ್ಲಿ ಸಂಸ್ಥಾನಗಳು ಊರು ಕಟ್ಟಿವೆ, ನೇಕಾರರು ಊರು ಕಟ್ಟಿದ್ದಾರೆ, ಸಕ್ಕರೆ ಕಾರ್ಖಾನೆಗಳು ಊರು ಬೆಳೆಸಿವೆ, ರೈತರು ತಾವೇ ಹಣ ಹಾಕಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದಾರೆ, ಮತ್ತು ಒಂದು ಜಲಾಶಯದ ಹಿನ್ನೀರು ಕಟ್ಟಿದ ಊರುಗಳನ್ನು ಎತ್ತಿ ಬೇರೆಡೆಗೆ ಇಟ್ಟಿದೆ.

ಪ್ರಕಾರದ ಹಿನ್ನೆಲೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಕರ್ನಾಟಕದ ಮನೆಗಳಲ್ಲಿ ಬೇಸಿಗೆ ರಜೆಯ ಮಕ್ಕಳು ‘ಬಿಸಿನೆಸ್’ ಅಥವಾ ‘ವ್ಯಾಪಾರ’ ಎಂಬ ಹೆಸರಿನಲ್ಲಿ ಆಡುತ್ತ ಬಂದಿರುವ, ಊರುಗಳನ್ನು ಕೊಂಡು ಅವುಗಳ ಮೇಲೆ ಮನೆ, ಹೋಟೆಲುಗಳನ್ನು ಕಟ್ಟಿ ಬಾಡಿಗೆ ವಸೂಲು ಮಾಡುವ ಆಟದ ಮೂಲ ಅಮೆರಿಕದ ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’. ಜಮೀನು ಕೆಲವರ ಕೈಯಲ್ಲಿ ಸೇರಿದರೆ ಉಳಿದವರು ಹೇಗೆ ದಿವಾಳಿಯಾಗುತ್ತಾರೆಂದು ತೋರಿಸಲು ಆಕೆ ರೂಪಿಸಿದ್ದ ಆ ಆಟವೇ 1935ರ ಹೊತ್ತಿಗೆ ‘ಮೊನಾಪಲಿ’ಯಾಗಿ, ದಿವಾಳಿ ಮಾಡುವುದನ್ನೇ ಸಂಭ್ರಮಿಸುವ ಆಟವಾಗಿ ಮಾರುಕಟ್ಟೆಗೆ ಬಂತು. ಈ ತಿರುವಿನ ಬಗ್ಗೆ ವಿಷಾದಪಡುವುದಕ್ಕೆ ಸಕಾರಣವಿದೆ, ಏಕೆಂದರೆ ಊರು ಕಟ್ಟುವ ಆಟ ತನ್ನ ಹುಟ್ಟಿನಲ್ಲಿಯೇ ಒಂದು ಸಾಮಾಜಿಕ ವಾದವಾಗಿತ್ತು. 1995ರಲ್ಲಿ ಜರ್ಮನಿಯ ಕ್ಲಾಸ್ ಟಾಯ್ಬರ್ ರೂಪಿಸಿದ ‘ಕಟಾನ್’ ಯಾರನ್ನೂ ಆಟದಿಂದ ಹೊರದೂಡದ, ಇಟ್ಟಿಗೆ, ಮರ, ಉಣ್ಣೆ, ಧಾನ್ಯ ಮತ್ತು ಅದಿರನ್ನು ಪರಸ್ಪರ ವಿನಿಮಯ ಮಾಡಿಕೊಂಡು ನೆಲೆಗಳನ್ನು ಕಟ್ಟುವ ಮಾರ್ಗವನ್ನು ತೋರಿಸಿತು. ಆನಂತರ ಬ್ರೂನೋ ಫೈದುಟ್ಟಿಯವರ ‘ಸಿಟಾಡೆಲ್ಸ್’ (2000), ಆಂಡ್ರಿಯಾಸ್ ಸೈಫಾರ್ತ್ ಅವರ ‘ಪೋರ್ಟೊ ರಿಕೊ’ (2002), ಮಾರ್ಟಿನ್ ವಾಲೆಸ್ ಅವರ ‘ಲಂಡನ್’ (2010), ಆಂಟ್ವಾನ್ ಬೌಜಾ ಅವರ ‘ಸೆವೆನ್ ವಂಡರ್ಸ್’ (2010), ಮಸಾವೊ ಸುಗನುಮಾ ಅವರ ‘ಮಾಚಿ ಕೊರೊ’ (2012) ಮತ್ತು ಟೆಡ್ ಆಲ್ಸ್‌ಪಾಕ್ ಅವರ ‘ಸಬರ್ಬಿಯಾ’ (2012) ಒಂದರ ಹಿಂದೊಂದು ಬಂದವು.

ಗರ ಬೀಳುವುದು ಮತ್ತು ಎಲೆ ಆಯುವುದು

ಅದೃಷ್ಟದ ತಕರಾರು ಅತಿ ಹಳೆಯದು. ‘ಮಾಚಿ ಕೊರೊ’ದಲ್ಲಿ ಆಟಗಾರ ಗೋದಿ ಹೊಲ, ದನದ ಕೊಟ್ಟಿಗೆ, ಬೇಕರಿ, ಕೆಫೆ ಮೊದಲಾದ ಎಲೆಗಳನ್ನು ಕೊಂಡು ತನ್ನ ಮುಂದೆ ಸಾಲಾಗಿ ಇಡುತ್ತಾನೆ, ದಾಳ ಉರುಳಿಸಿದಾಗ ಬಿದ್ದ ಸಂಖ್ಯೆಯ ಎಲೆಗಳು ಮಾತ್ರ ಆದಾಯ ಕೊಡುತ್ತವೆ. ಮಕ್ಕಳೊಂದಿಗೆ ಆಡುವವರು ಇದನ್ನು ಮೆಚ್ಚುತ್ತಾರೆ, ಏಕೆಂದರೆ ಹತ್ತು ವರ್ಷದ ಮಗುವೂ ಅನುಭವಿಯನ್ನು ಸೋಲಿಸಬಹುದು. ಲೆಕ್ಕಾಚಾರವನ್ನು ಬಯಸುವವರು ಇದೇ ಕಾರಣಕ್ಕೆ ಬೇಸರಪಡುತ್ತಾರೆ, ಚೆನ್ನಾಗಿ ಯೋಜಿಸಿದ ಊರೂ ಸರಿಯಾದ ಸಂಖ್ಯೆ ಬೀಳದೆ ಬಡವಾಗಿಯೇ ಉಳಿಯಬಹುದೆಂಬುದು ಅವರ ವಾದ. ‘ಸೆವೆನ್ ವಂಡರ್ಸ್’ನಲ್ಲಿ ದಾಳವೇ ಇಲ್ಲ: ಪ್ರತಿಯೊಬ್ಬರಿಗೂ ಏಳು ಎಲೆಗಳು ಬರುತ್ತವೆ, ಒಂದನ್ನು ಇಟ್ಟುಕೊಂಡು ಉಳಿದವನ್ನು ಪಕ್ಕದವರಿಗೆ ದಾಟಿಸಬೇಕು. ಬಂದ ಎಲೆ ಅದೃಷ್ಟ, ಆಯ್ದ ಎಲೆ ಜಾಣ್ಮೆ.

ಈ ಎರಡು ಬಗೆಗಳ ವ್ಯತ್ಯಾಸವನ್ನು ಆಟಗಳನ್ನು ರೂಪಿಸುವವರು ನಿರ್ಧಾರಕ್ಕೆ ಮೊದಲು ಬರುವ ಅದೃಷ್ಟ ಮತ್ತು ನಿರ್ಧಾರದ ನಂತರ ಬರುವ ಅದೃಷ್ಟ ಎಂದು ಬಿಡಿಸಿ ಹೇಳುತ್ತಾರೆ. ಮೊದಲನೆಯದರಲ್ಲಿ ಪರಿಸ್ಥಿತಿ ಎದುರಿಗೆ ಬಂದು ನಿಂತ ಮೇಲೆ ಮನುಷ್ಯ ಯೋಚಿಸುತ್ತಾನೆ. ಎರಡನೆಯದರಲ್ಲಿ ಯೋಚಿಸಿ, ಹಣ ಹೂಡಿ, ಕೆಲಸ ಮುಗಿಸಿದ ಮೇಲೆ ಪರಿಸ್ಥಿತಿ ಬಂದು ಬಡಿಯುತ್ತದೆ. ಜಮಖಂಡಿ ಮತ್ತು ಮುಧೋಳ ತಾಲ್ಲೂಕುಗಳ ಕಬ್ಬು ಬೆಳೆಗಾರರಿಗೆ ಎರಡೂ ಹೊಸವಲ್ಲ. ಕಾಲುವೆಗೆ ನೀರು ಬಿಡುವ ವೇಳಾಪಟ್ಟಿ ಗೊತ್ತಾದ ಮೇಲೆ ಯಾವ ಬೆಳೆ ಇಡಬೇಕೆಂದು ನಿರ್ಧರಿಸುವುದು ಮೊದಲನೆಯ ಬಗೆ. ಬೆಳೆ ಎದೆಯೆತ್ತರ ಬಂದ ಮೇಲೆ ಸಹ್ಯಾದ್ರಿಯ ಮಹಾಬಳೇಶ್ವರ, ಕೊಯ್ನಾ ಸೀಮೆಯಲ್ಲಿ ಸುರಿದ ಮಳೆ ಕೃಷ್ಣೆಯಲ್ಲಿ ಮಹಾಪೂರವಾಗಿ ಬಂದು ಹೊಲ ನುಂಗುವುದು ಎರಡನೆಯದು. 2005ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಈ ಸೀಮೆ ಅದನ್ನು ಕಂಡಿದೆ. 2019ರಲ್ಲಿ ಘಟಪ್ರಭೆಯೂ ಜೊತೆಗೂಡಿ ಮುಧೋಳ ಭಾಗದ ಹಳ್ಳಿಗಳಿಗೆ ನುಗ್ಗಿತ್ತು. ನಿರ್ಧಾರದ ನಂತರ ಬರುವ ಅದೃಷ್ಟ ಆಟದ ದೋಷವೆಂದು ಸಾರಾಸಗಟಾಗಿ ತೀರ್ಮಾನಿಸುವ ಆಟಗಾರರು ನದಿದಂಡೆಯ ಬದುಕಿನ ಅರ್ಧವನ್ನು ಆಟದಿಂದ ಹೊರಗಿಡಬೇಕೆಂದು ಕೇಳಿದಂತಾಗುತ್ತದೆ.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ಕಟ್ಟೆಗಳಲ್ಲಿ, ಗುಡಿಯ ಪೌಳಿಗಳಲ್ಲಿ, ಮನೆಯ ಪಡಸಾಲೆಗಳಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಆಡುವ ಚೌಕಾಬಾರಾ ಹೆಚ್ಚು ವಿವೇಕದ ಮಧ್ಯಮಾರ್ಗವನ್ನು ಹಿಡಿದಿದೆ. ಐದು ಸಾಲು, ಐದು ಕಂಬಗಳ ಇಪ್ಪತ್ತೈದು ಮನೆಗಳ ಈ ಪಟದಲ್ಲಿ ನಾಲ್ಕು ಕವಡೆಗಳನ್ನು ಎಸೆದಾಗ ಮುಖ ಮೇಲಾಗಿ ಬಿದ್ದವುಗಳ ಎಣಿಕೆಯೇ ಗರ, ಅಂದರೆ ಕಾಯಿ ನಡೆಸಬೇಕಾದ ಸಂಖ್ಯೆ. ನಾಲ್ಕೂ ಮೇಲಾದರೆ ಚೌಕಾ, ನಾಲ್ಕೂ ಕವುಚಿ ಬಿದ್ದರೆ ಎಂಟರ ಬೆಲೆಯ ಬಾರಾ, ಮತ್ತು ಇವೆರಡಕ್ಕೂ ಮರು ಎಸೆತದ ಹಕ್ಕು. ಗರ ಯಾರ ಕೈಯಲ್ಲೂ ಇಲ್ಲ, ಆದರೆ ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕು, ಯಾವುದನ್ನು ಗೀಟು ಎಳೆದ ಕಟ್ಟೆಮನೆಯಲ್ಲಿ ಸುರಕ್ಷಿತವಾಗಿ ಕೂರಿಸಬೇಕು, ಯಾವುದನ್ನು ಅಪಾಯಕ್ಕೆ ಒಡ್ಡಿ ಎದುರಾಳಿಯ ಬೆನ್ನಟ್ಟಬೇಕು ಎಂಬುದು ಆಡುವವರ ಕೈಯಲ್ಲಿದೆ. ಅದೃಷ್ಟವನ್ನು ತೆಗೆದುಹಾಕದೆ ಅದನ್ನು ಹಂಚಿಕೊಳ್ಳಲು ನಾಲ್ಕು ದಾರಿ ಕೊಡುವ ಈ ಏರ್ಪಾಟನ್ನು ‘ಮಾಚಿ ಕೊರೊ’ ತನ್ನ ಮೂಲ ರೂಪದಲ್ಲಿ ಸಾಧಿಸಲಿಲ್ಲ. ಎಲ್ಲ ಎಲೆಗಳೂ ಮೊದಲಿನಿಂದಲೇ ಎಲ್ಲರಿಗೂ ಲಭ್ಯವಿದ್ದುದರಿಂದ ಎಲ್ಲರೂ ಒಂದೇ ಬಗೆಯ ಊರು ಕಟ್ಟುತ್ತಾರೆಂಬ ದೂರು ಬಂದು, ಮುಂದಿನ ವಿಸ್ತರಣೆಯಲ್ಲಿ ಒಮ್ಮೆಗೆ ಹತ್ತು ಬಗೆಯ ಎಲೆಗಳನ್ನಷ್ಟೇ ಮಾರಾಟಕ್ಕಿಡುವ ವ್ಯವಸ್ಥೆಯನ್ನು ತರಬೇಕಾಯಿತು.

ಒಂದೇ ಮೇಜು, ಬೇರೆ ಬೇರೆ ಊರು

ಎರಡನೆಯ ತಕರಾರು ಇನ್ನೂ ಆಳವಾದದ್ದು. ಊರು ಕಟ್ಟುವ ಆಟಗಳಲ್ಲಿ ನಾಲ್ವರು ಒಂದೇ ಮೇಜಿಗೆ ಕೂತರೂ ಪ್ರತಿಯೊಬ್ಬರೂ ತಮ್ಮ ತಮ್ಮ ಊರನ್ನೇ ನೋಡುತ್ತ, ಕೊನೆಗೆ ಅಂಕ ಹೋಲಿಸಲು ಮಾತ್ರ ತಲೆ ಎತ್ತುತ್ತಾರೆ ಎಂಬ ಆಕ್ಷೇಪ ಪದೇ ಪದೇ ಕೇಳಿಬರುತ್ತದೆ. ‘ಸೆವೆನ್ ವಂಡರ್ಸ್’ನಲ್ಲಿ ಎಡ ಬಲದ ನೆರೆಯವರಿಂದ ಎರಡು ನಾಣ್ಯ ಕೊಟ್ಟು ಸಾಮಗ್ರಿ ಕೊಳ್ಳಬಹುದು, ಅವರೊಡನೆ ಸೈನ್ಯಬಲವನ್ನು ಹೋಲಿಸಬೇಕು, ಆದರೆ ಏಳು ಜನ ಆಡುವಾಗ ಮೇಜಿನ ಆಚೆ ಬದಿಯಲ್ಲಿ ಕೂತವರು ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸವಾಗದು. ಎಲ್ಲರೂ ಒಮ್ಮೆಲೇ ಎಲೆ ಆಯುವುದರಿಂದ ಯಾರೂ ಕಾಯಬೇಕಿಲ್ಲ, ಅರ್ಧ ಗಂಟೆಯಲ್ಲಿ ಆಟ ಮುಗಿಯುತ್ತದೆ ಎಂದು ಹೊಗಳುವವರು ಮತ್ತು ಇಷ್ಟು ಬೇಗ ಮುಗಿಯುವುದು ಒಬ್ಬರಿಗೊಬ್ಬರು ಬೇಡವಾಗಿರುವುದರಿಂದಲೇ ಎಂದು ಕೊರಗುವವರು ವಾಸ್ತವದಲ್ಲಿ ಒಂದೇ ಗುಣವನ್ನು ಎರಡು ಬದಿಯಿಂದ ನೋಡುತ್ತಿದ್ದಾರೆ. ಇದಕ್ಕೆ ವಿರುದ್ಧ ತುದಿಯಲ್ಲಿ ‘ಸಿಟಾಡೆಲ್ಸ್’ ಇದೆ: ಪ್ರತಿ ಸುತ್ತಿನಲ್ಲೂ ಹಂತಕ, ಕಳ್ಳ, ರಾಜ, ವರ್ತಕ, ಶಿಲ್ಪಿ ಮೊದಲಾದ ಎಂಟು ಪಾತ್ರಗಳಲ್ಲಿ ಒಂದನ್ನು ಗುಟ್ಟಾಗಿ ಆರಿಸಿಕೊಂಡು, ಇತರರು ಯಾವುದನ್ನು ಆರಿಸಿರಬಹುದೆಂದು ಊಹಿಸಿ ಅವರ ಸರದಿಯನ್ನೇ ಕಸಿಯಬಹುದು. ಎದುರಿನವರ ಮುಖ ಓದುವುದನ್ನು ಇಷ್ಟಪಡುವವರಿಗೆ ಇದು ಹಬ್ಬ. ಎರಡು ಸುತ್ತು ಸತತವಾಗಿ ಹಂತಕನಿಗೆ ಬಲಿಯಾಗಿ ಸುಮ್ಮನೆ ಕೂತವರಿಗೆ ಅಷ್ಟೇ ಕಹಿ.

ಚೌಕಾಬಾರಾದಲ್ಲಿ ಒಂದು ನಿಯಮವಿದೆ, ಅದನ್ನು ಈ ವಾದದ ನಡುವೆ ತಂದಿಡುವುದು ಉಪಯುಕ್ತ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಯಾರೂ ಹೊರಸುತ್ತಿನಿಂದ ಒಳಸುತ್ತಿಗೆ ಹೋಗುವಂತಿಲ್ಲ, ಒಳಗೆ ಹೋಗದೆ ಕಾಯಿ ನಡುಮನೆಯನ್ನು ಮುಟ್ಟಿ ಹಣ್ಣಾಗುವಂತಿಲ್ಲ. ತನ್ನ ಪಾಡಿಗೆ ತಾನು ನಡೆದು ಗೆಲ್ಲುತ್ತೇನೆಂಬ ಮಾರ್ಗವನ್ನೇ ಈ ನಿಯಮ ಮುಚ್ಚಿಬಿಡುತ್ತದೆ. ಹುಲಿ-ಕುರಿ ಆಟದಲ್ಲಿಯೂ ಹೀಗೆಯೇ: ಮೂರು ಹುಲಿಗಳಿಗೆ ಎದುರಾಗಿ ಹದಿನೈದು ಕುರಿಗಳಿರುವ ಪಟದಲ್ಲಿ ಒಂಟಿ ಕುರಿಗೆ ಬಲವಿಲ್ಲ, ಬೆನ್ನಿಗೆ ಇನ್ನೊಂದು ಕುರಿ ನಿಂತಾಗ ಮಾತ್ರ ಹುಲಿ ಹಾರಲಾರದು, ಎಲ್ಲ ಕಡೆಯಿಂದ ದಾರಿ ಕಟ್ಟಿದಾಗ ಮಾತ್ರ ಕುರಿಗಳಿಗೆ ಗೆಲುವು. ಅಂದರೆ ಪಕ್ಕದವರನ್ನು ತಟ್ಟದೆ ಆಟವಿಲ್ಲ ಎಂಬುದು ಈ ನೆಲದ ಆಟಗಳಲ್ಲಿ ಮೊದಲೇ ಇತ್ಯರ್ಥವಾದ ಸಂಗತಿ.

ಆದರೆ ಇಲ್ಲಿಯ ಪಟ್ಟಣಗಳು ಬಹುಕಾಲ ‘ಸೆವೆನ್ ವಂಡರ್ಸ್’ನ ಆಟಗಾರರಂತೆಯೇ ಬೆಳೆದವು ಎಂಬುದನ್ನೂ ಹೇಳಬೇಕು. 1948ಕ್ಕೆ ಮೊದಲು ಜಮಖಂಡಿ ಪಟವರ್ಧನರ ಸಂಸ್ಥಾನದ ರಾಜಧಾನಿಯಾಗಿತ್ತು, ಮುಧೋಳ ಘೋರ್ಪಡೆಯವರ ರಾಜಧಾನಿಯಾಗಿತ್ತು, ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ಎತ್ತಿನ ಬಂಡಿ ಪ್ರಯಾಣದೊಳಗೆ ಇಷ್ಟು ಆಡಳಿತಗಳಿದ್ದುದರಿಂದ ಅರಮನೆ, ಕಚೇರಿ, ಶಾಲೆ, ಪೇಟೆಗಳು ಪ್ರತಿ ರಾಜಧಾನಿಯಲ್ಲೂ ಪ್ರತ್ಯೇಕವಾಗಿ ಎದ್ದವು, ಮತ್ತು ಪಕ್ಕದ ಊರು ನೆರೆಯ ಆಟಗಾರನ ಊರಾಗಿಯೇ ಉಳಿಯಿತು. ಇದನ್ನು ಮೀರಿದ್ದು ಮಗ್ಗ. ಇಂದು ಒಂದೇ ನಗರಸಭೆಯಾಗಿರುವ, ತಾಲ್ಲೂಕು ಕೇಂದ್ರವೂ ಆಗಿರುವ ರಬಕವಿ-ಬನಹಟ್ಟಿ, ಸಂಸ್ಥಾನಗಳ ಗಡಿ ಅಳಿಯುವ ಮೊದಲೇ ನೇಯ್ಗೆಯಿಂದ ಹೊಂದಿಕೊಂಡಿದ್ದ ಅವಳಿ ಊರು. ಹೊರಗಿನಿಂದ ಬಂದ ನೂಲು, ಬಣ್ಣ ಹಾಕುವವರ, ಹಾಸು ಹೂಡುವವರ, ಕಂಡಿಕೆ ಸುತ್ತುವವರ, ನೇಯುವವರ ಮತ್ತು ಸೀರೆ ಮಾರುವವರ ಕೈ ದಾಟಿಯೇ ಹಣವಾಗುವುದರಿಂದ ಯಾವ ಒಂದು ಓಣಿಯೂ ತಾನೊಂದೇ ಬೆಳೆಯಲಾರದು. ಒಬ್ಬರ ಕಟ್ಟಡ ಇನ್ನೊಬ್ಬರ ಕಟ್ಟಡವಿಲ್ಲದೆ ಫಲ ಕೊಡದಂತೆ ನಿಯಮ ಬರೆದರೆ ಆಟಗಾರರು ತಾವಾಗಿಯೇ ಮೇಜಿನಾಚೆ ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಬೆಳವಣಿಗೆಯ ಬಾಕಿ

ಮೂರನೆಯ ಪ್ರಶ್ನೆ, ಬೆಳವಣಿಗೆಯ ಬೆಲೆ, ಹೆಚ್ಚಿನ ಆಟಗಳಲ್ಲಿ ಏಳುವುದೇ ಇಲ್ಲ. ಕಟ್ಟಿದಷ್ಟೂ ಆದಾಯ, ಆದಾಯ ಬಂದಷ್ಟೂ ಕಟ್ಟಡ. ಮುಂದೆ ಹೋದವನು ಮುಂದೆಯೇ ಹೋಗುತ್ತಾನೆ, ಹಿಂದುಳಿದವನಿಗೆ ಉಳಿದ ಒಂದು ಗಂಟೆ ಶಿಕ್ಷೆಯಾಗುತ್ತದೆ ಎಂಬ ಆಟಗಾರರ ಸಾಮಾನ್ಯ ದೂರು ಈ ಕೊರತೆಯಿಂದಲೇ ಹುಟ್ಟುತ್ತದೆ. ‘ಸಬರ್ಬಿಯಾ’ ಇದಕ್ಕೆ ಒಂದು ಉತ್ತರ ಕಂಡುಕೊಂಡಿತು. ಅದರಲ್ಲಿ ಜನಸಂಖ್ಯೆಯೇ ಅಂಕ, ಆದರೆ ಜನಸಂಖ್ಯೆಯ ಪಟ್ಟಿಯ ಮೇಲೆ ಅಲ್ಲಲ್ಲಿ ಕೆಂಪು ಗೆರೆಗಳಿದ್ದು, ಊರು ಬೆಳೆದು ಒಂದೊಂದು ಗೆರೆ ದಾಟಿದಾಗಲೂ ಅದರ ಆದಾಯ ಮತ್ತು ಖ್ಯಾತಿ ಒಂದೊಂದು ಮೆಟ್ಟಿಲು ಇಳಿಯುತ್ತವೆ. ಬೇಗ ಬೆಳೆದ ಊರು ಬೇಗ ಉಸಿರುಗಟ್ಟುತ್ತದೆ.

ಇನ್ನೂ ದಿಟ್ಟವಾದದ್ದು ವಾಲೆಸ್ ಅವರ ‘ಲಂಡನ್’, ಮತ್ತು ಎಲೆ ಹಾಗೂ ಪಟ ಎರಡನ್ನೂ ಬಳಸುವ ಊರು ಕಟ್ಟುವ ಆಟಗಳಲ್ಲಿ ಗಂಭೀರ ಚರ್ಚೆಗೆ ಅತಿ ಯೋಗ್ಯವಾದದ್ದೂ ಅದೇ. 1666ರ ಮಹಾ ಅಗ್ನಿದುರಂತದ ನಂತರ ಲಂಡನ್ ನಗರವನ್ನು ಮತ್ತೆ ಕಟ್ಟುವುದು ಇದರ ವಸ್ತು. ಒಂದು ಎಲೆಯನ್ನು ತನ್ನ ಮುಂದೆ ಕಟ್ಟಡವಾಗಿ ಇಡಬೇಕಾದರೆ ಅದೇ ಬಣ್ಣದ ಇನ್ನೊಂದು ಎಲೆಯನ್ನು ಬಿಟ್ಟುಕೊಡಬೇಕು, ಮತ್ತು ಬಿಟ್ಟ ಎಲೆ ಎಲ್ಲರಿಗೂ ಕಾಣುವಂತೆ ಪಟದ ಮೇಲೆ ಕೂತು ಎದುರಾಳಿಯ ಕೈ ಸೇರಬಹುದು. ಹೀಗೆ ಪ್ರತಿ ಕಟ್ಟಡದ ಹಿಂದೆಯೂ ಕಟ್ಟದೆ ಬಿಟ್ಟ ಇನ್ನೊಂದು ಕಟ್ಟಡದ ನೆನಪಿರುತ್ತದೆ. ಸಾಕಷ್ಟು ಎಲೆಗಳು ಸೇರಿದ ಮೇಲೆ ಆಟಗಾರ ತನ್ನ ಊರನ್ನು ಒಮ್ಮೆ ‘ನಡೆಸುತ್ತಾನೆ’, ಅಂದರೆ ಎಲ್ಲ ಕಟ್ಟಡಗಳಿಂದ ಒಮ್ಮೆಗೆ ಹಣ ಮತ್ತು ಅಂಕ ಪಡೆಯುತ್ತಾನೆ. ಆಗಲೇ ಬಡತನದ ಲೆಕ್ಕವೂ ಆಗುತ್ತದೆ: ಊರಿನಲ್ಲಿರುವ ಎಲೆಗಳ ಒಂದೊಂದು ರಾಶಿಗೂ, ಕೈಯಲ್ಲಿ ಬಳಸದೆ ಹಿಡಿದಿಟ್ಟ ಒಂದೊಂದು ಎಲೆಗೂ ಒಂದೊಂದು ಕಪ್ಪು ಬಿಲ್ಲೆ ಸೇರುತ್ತದೆ, ಪಟದ ಮೇಲೆ ಕೊಂಡ ಬಡಾವಣೆಗಳು ಆ ಸಂಖ್ಯೆಯನ್ನು ತಗ್ಗಿಸುತ್ತವೆ. ಕೊನೆಯಲ್ಲಿ ಕಪ್ಪು ಬಿಲ್ಲೆಗಳು ಹೆಚ್ಚಿದ್ದವರು ಗಳಿಸಿದ ಅಂಕಗಳನ್ನು ಕಳೆದುಕೊಳ್ಳುತ್ತಾರೆ.

ಮೊದಲ ಸಲ ಆಡುವವರು ಉತ್ಸಾಹದಿಂದ ಉದ್ದನೆಯ ಸಾಲು ಕಟ್ಟಿ ಬಡತನದಲ್ಲಿ ಹೂತುಹೋಗುವುದು, ಅನುಭವಿಗಳು ಹಳೆಯ ಕಟ್ಟಡದ ಎಲೆಯ ಮೇಲೆಯೇ ಹೊಸದನ್ನಿಟ್ಟು ಊರನ್ನು ಚಿಕ್ಕದಾಗಿ ಉಳಿಸಿಕೊಳ್ಳುವುದು ಈ ಆಟದ ಗೊತ್ತಾದ ಅನುಭವ. ಬಡತನದ ನಿಯಮ ಕಟ್ಟುವ ಖುಷಿಯನ್ನೇ ಕೊಲ್ಲುತ್ತದೆ ಎನ್ನುವವರಿದ್ದಾರೆ. ಆ ನಿಯಮವೇ ಆಟದ ಜೀವಾಳ, ಅದಿಲ್ಲದಿದ್ದರೆ ಉಳಿಯುವುದು ಬರಿಯ ಎಲೆಗಳ ಕೂಡಿಸುವಿಕೆ ಎನ್ನುವವರೂ ಇದ್ದಾರೆ. ಎರಡನೆಯ ಅಭಿಪ್ರಾಯವೇ ಸರಿಯಾದುದು. 2017ರ ಎರಡನೆಯ ಆವೃತ್ತಿ ಪಟವನ್ನು ಕೈಬಿಟ್ಟು ಬಡಾವಣೆಗಳನ್ನೂ ಎಲೆಗಳನ್ನಾಗಿ ಮಾಡಿತು. ಆಟ ಚುರುಕಾಯಿತು, ಆದರೆ ಥೇಮ್ಸ್ ನದಿಯ ಎರಡು ದಂಡೆಗಳಲ್ಲಿ ಯಾರ ನೆಲ ಎಲ್ಲಿದೆ ಎಂಬುದು ಕಣ್ಣಿನಿಂದ ಮರೆಯಾಯಿತು. ನದಿಯಿರುವ ಊರಿನ ಆಟದಲ್ಲಿ ಅದು ಸಣ್ಣ ನಷ್ಟವಲ್ಲ.

ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಆ ಕಪ್ಪು ಬಿಲ್ಲೆಗೆ ಒಂದು ಹೆಸರಿದೆ: ಸವಳು-ಜವಳು. ಅತಿಯಾದ ನೀರಾವರಿಯಿಂದ ಅಂತರ್ಜಲ ಮೇಲೇರಿ ನೆಲ ನೀರು ಹಿಡಿದು ಜೌಗಾಗುವುದು, ಅದರೊಂದಿಗೆ ಲವಣ ಮೇಲೆ ಬಂದು ಹೊಲ ಬಿಳುಪೇರಿ ಬೀಜ ಮೊಳೆಯದಂತಾಗುವುದು, ಎರಡೂ ಸೇರಿದ ಕೇಡಿಗೆ ಇಲ್ಲಿಯ ರೈತರು ಬಳಸುವ ಮಾತು ಇದು. ಕಾಲುವೆ ಬಂತು, ಏತ ನೀರಾವರಿ ಬಂತು, ಕಬ್ಬು ಹೆಚ್ಚಿತು, ಸಮೀರವಾಡಿಯಿಂದ ಆರಂಭಿಸಿ ಸುತ್ತಮುತ್ತ ಸಕ್ಕರೆ ಕಾರ್ಖಾನೆಗಳು ಎದ್ದವು, ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾಯಿತು, ಮುಧೋಳ ಮತ್ತು ಜಮಖಂಡಿಗಳ ರಸ್ತೆಗುಂಟ ಅಂಗಡಿ, ಬ್ಯಾಂಕು, ಆಸ್ಪತ್ರೆಗಳು ಸಾಲುಗಟ್ಟಿದವು; ಇದೆಲ್ಲ ನಿಜವಾದ ಏಳಿಗೆ, ಅದನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ನೀರು ಅದೇ ಹೊಲದ ಅಡಿಯಲ್ಲಿ ಬಾಕಿ ಬರೆಯುತ್ತ ಹೋಯಿತು, ಆ ಬಾಕಿ ಕಾಣಿಸಿಕೊಂಡದ್ದು ಬಹಳ ಸರದಿಗಳ ನಂತರ. ಮಗ್ಗಗಳ ಊರಿನಲ್ಲಿಯೂ ವಿದ್ಯುತ್ ಮಗ್ಗ ಬಂದು ಉತ್ಪಾದನೆ ಹೆಚ್ಚಿದಾಗ ಕೈಮಗ್ಗದ ಗುಂಡಿಗಳು ಮುಚ್ಚಿದವು. ಅಂಕಪಟ್ಟಿಯಲ್ಲಿ ಇಂಥ ಕಳೆಯುವ ಸಾಲನ್ನು ಸೇರಿಸಿದ ಆಟವನ್ನು ಕಷ್ಟದ್ದೆಂದು ದೂರುವ ಆಟಗಾರರು ಅದು ಪ್ರಾಮಾಣಿಕವೂ ಆಗಿದೆಯೆಂಬುದನ್ನು ಗಮನಿಸಬೇಕು.

ಖಾಲಿ ನೆಲ ಎಂಬ ಕಲ್ಪನೆ

ಈ ಮೂರೂ ತಕರಾರುಗಳ ಆಚೆ, ಆಟಗಾರರು ಹೆಚ್ಚಾಗಿ ಎತ್ತದ ಒಂದು ಪ್ರಶ್ನೆ ಉಳಿಯುತ್ತದೆ. ಊರು ಎದ್ದ ನೆಲದಲ್ಲಿ ಮೊದಲು ಯಾರಿದ್ದರು? ‘ಕಟಾನ್’ನ ದ್ವೀಪದಲ್ಲಿ ಮೊದಲ ನೆಲೆ ಇಡುವ ಹೊತ್ತಿಗೆ ಯಾರೂ ಇಲ್ಲ, ‘ಮಾಚಿ ಕೊರೊ’ ಗೋದಿ ಹೊಲದಿಂದ ಆರಂಭವಾಗುತ್ತದೆ, ಆ ಹೊಲ ಯಾರದೆಂದು ಯಾರೂ ಕೇಳುವುದಿಲ್ಲ. ಪ್ರಶ್ನೆ ಎದ್ದ ಒಂದು ಪ್ರಸಿದ್ಧ ಸಂದರ್ಭವೆಂದರೆ ‘ಪೋರ್ಟೊ ರಿಕೊ’. ಹಡಗಿನಲ್ಲಿ ಬಂದು ತೋಟಗಳಲ್ಲಿ ದುಡಿಯುವ ಕಂದು ಬಿಲ್ಲೆಗಳನ್ನು ಆ ಆಟ ‘ವಸಾಹತುಗಾರರು’ ಎಂದು ಕರೆದಿತ್ತು; ಕೆರಿಬಿಯನ್ ತೋಟಗಳಲ್ಲಿ ದುಡಿದವರು ಗುಲಾಮರಾಗಿದ್ದರೆಂಬುದನ್ನು ಈ ಹೆಸರು ಮುಚ್ಚಿಡುತ್ತದೆ ಎಂಬ ಆಕ್ಷೇಪ ವರ್ಷಗಟ್ಟಲೆ ಬಲಿತು, 2022ರ ಹೊಸ ಆವೃತ್ತಿ ಕಥೆಯ ಕಾಲವನ್ನು ಗುಲಾಮಗಿರಿ ರದ್ದಾದ ನಂತರದ 1897ಕ್ಕೆ ಸರಿಸಿತು. ಇದು ಬರಿಯ ಚಿತ್ರ, ಹೆಸರುಗಳ ವಿಷಯ, ಆಟವೆಂದರೆ ಅಂಕಿಗಳ ಲೆಕ್ಕ ಎಂದು ವಾದಿಸಿದವರಿಗೆ ಕೊಡಬಹುದಾದ ಉತ್ತರವೆಂದರೆ, ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ತೀರ್ಮಾನಿಸಿದ ಮೇಲೆಯೇ ಅಂಕಿಗಳು ಹುಟ್ಟುತ್ತವೆ.

ಕನ್ನಡ ಓದುಗರಿಗೆ ಈ ವಿಚಾರ ಹೊಸದೇನಲ್ಲ. ಮಹಾಭಾರತದಲ್ಲಿ ಪಾಂಡವರು ಖಾಂಡವಪ್ರಸ್ಥದಲ್ಲಿ ಇಂದ್ರಪ್ರಸ್ಥವನ್ನು ಕಟ್ಟುತ್ತಾರೆ, ಖಾಂಡವ ವನ ಅದರ ಜೀವಜಾಲದೊಂದಿಗೆ ಸುಟ್ಟು ಹೋಗುತ್ತದೆ, ಆ ಬೆಂಕಿಯಲ್ಲಿ ಬದುಕುಳಿದ ಮಯ ಅದ್ಭುತವಾದ ಸಭಾಭವನವನ್ನು ನಿರ್ಮಿಸುತ್ತಾನೆ, ಕೊನೆಗೆ ಆ ಊರನ್ನು ಪಾಂಡವರು ಕಳೆದುಕೊಳ್ಳುವುದು ಪಗಡೆಯಲ್ಲಿ. ಊರು ಕಟ್ಟುವುದು, ಇದ್ದವರನ್ನು ಸುಡುವುದು ಮತ್ತು ದಾಳ ಈ ಮೂರನ್ನೂ ಒಂದೇ ಕಥೆಯೊಳಗೆ ಹೆಣೆದ ಆ ಕಾವ್ಯಪರಂಪರೆಯ ಕೊನೆಯ ಅಂಕವನ್ನು, ಜೂಜಿನಲ್ಲಿ ಗೆದ್ದವನು ತೊಡೆ ಮುರಿದುಕೊಂಡು ಬೀಳುವ ಅಂಕವನ್ನು, ‘ಗದಾಯುದ್ಧ’ವಾಗಿ ಬರೆದ ಹತ್ತನೆಯ ಶತಮಾನದ ರನ್ನ ಇದೇ ಮುಧೋಳದವನು.

ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿದ್ದಾಗಿನಿಂದ ಈ ಪ್ರಶ್ನೆ ಬೀಳಗಿ ಮತ್ತು ಬಾಗಲಕೋಟೆಗಳಲ್ಲಿ ಕಾವ್ಯದಿಂದ ಇಳಿದು ಸರ್ವೆ ಕಲ್ಲಿನ ಮೇಲೆ ಕೂತಿತು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ಘಟಪ್ರಭಾ ಇರುವ, ಚಿಕ್ಕಸಂಗಮದಲ್ಲಿ ಅವೆರಡೂ ಕೂಡುವ ಬೀಳಗಿ ತಾಲ್ಲೂಕಿಗೆ ಹಿನ್ನೀರು ಎರಡು ಕಡೆಯಿಂದ ಬಂತು. ಗಲಗಲಿಯಂಥ ಹಳೆಯ ಊರುಗಳು ದಂಡೆ ಬಿಟ್ಟು ಎತ್ತರಕ್ಕೆ ಸರಿದವು. ಹಿನ್ನೀರಿಗೆ ಸಿಕ್ಕಿದ ಬಾಗಲಕೋಟೆ ಪಟ್ಟಣಕ್ಕಾಗಿ 1983ರ ಕಾಯ್ದೆಯಡಿ ಪಟ್ಟಣಾಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹೊಸ ಪಟ್ಟಣದ ಯೋಜನೆಯಲ್ಲಿ ತೊಡಗಿದರು, ಸೆಕ್ಟರುಗಳಾಗಿ ವಿಂಗಡಿಸಿದ ನವನಗರ ಎದ್ದಿತು. ಊರು ಕಟ್ಟುವ ಆಟ ಆಡುವವರು ಕನಸು ಕಾಣುವಂಥ ಸಂದರ್ಭವೇ ಇದು: ಖಾಲಿ ನೆಲ, ಒಬ್ಬ ಮಹಾನ್ ಶಿಲ್ಪಿ, ಅಚ್ಚುಕಟ್ಟಾದ ಚೌಕಗಳು. ಆದರೆ ಹಳೆಯ ಊರಿನಲ್ಲಿ ಓಣಿ, ಗುಡಿ, ಮಸೀದಿ, ಅಂಗಡಿ, ನೀರಿನ ದಾರಿ ಇವುಗಳೊಂದಿಗೆ ತಲೆಮಾರುಗಳ ಕಾಲ ಬೆಳೆದುಬಂದಿದ್ದ ನೆರೆಹೊರೆ ನಿವೇಶನದ ಸಂಖ್ಯೆಯಾಗಿ ಹಂಚಿಹೋಯಿತು.

ಇಲ್ಲಿಯ ಆಟಕ್ಕೆ ಬೇಕಾದ ನಿಯಮಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಊರುಗಳನ್ನೇ ನಾಲ್ವರು ಆಟಗಾರರನ್ನಾಗಿ ಕೂರಿಸಿ ಒಂದು ಆಟ ರೂಪಿಸುವುದಾದರೆ, ಅದಕ್ಕೆ ದುಬಾರಿ ಪೆಟ್ಟಿಗೆಯ ಅಗತ್ಯವಿಲ್ಲ. ನೆಲದ ಮೇಲೆ ಬರೆದ ಪಟ, ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿದ ಎಲೆಗಳು, ಕವಡೆ ಮತ್ತು ಹುಣಸೆ ಬೀಜಗಳು ಸಾಕು. ಕೆಲವು ಎಲೆಗಳ ಬೆಲೆ ಮಾತ್ರ ಬೇರೆ ಆಟಗಳಿಗಿಂತ ಭಿನ್ನವಾಗಿರಬೇಕಾಗುತ್ತದೆ. ‘ಮಾಚಿ ಕೊರೊ’ದಲ್ಲಿ ಗೆಲ್ಲಲು ಕಟ್ಟಬೇಕಾದ ನಾಲ್ಕು ಮಹಾಕಟ್ಟಡಗಳಲ್ಲಿ ರೈಲು ನಿಲ್ದಾಣವೇ ಅತಿ ಅಗ್ಗ, ನಾಲ್ಕು ನಾಣ್ಯಕ್ಕೆ ಸಿಗುತ್ತದೆ; ಬಾಗಲಕೋಟೆ-ಕುಡಚಿ ರೈಲು ಮಾರ್ಗಕ್ಕಾಗಿ ದಶಕಗಳಿಂದ ಹೋರಾಡಿ, 2010ರ ಸುಮಾರಿಗೆ ಮಂಜೂರಾತಿ ಕಂಡು, ಪೂರ್ಣಗೊಳ್ಳುವುದಕ್ಕೆ ಇನ್ನೂ ಕಾಯುತ್ತಿರುವ ಸೀಮೆಯಲ್ಲಿ ಆ ಎಲೆ ಎಲ್ಲಕ್ಕಿಂತ ತುಟ್ಟಿಯಾಗಿರಬೇಕು, ಮತ್ತು ಅದನ್ನು ಒಬ್ಬರೇ ಕೊಳ್ಳುವಂತಿರಬಾರದು.

ಕೂಡಿ ಕಟ್ಟುವ ಎಲೆಗೆ ಮಾದರಿ ಜಮಖಂಡಿ ತಾಲ್ಲೂಕಿನಲ್ಲಿಯೇ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಹಣಕ್ಕೆ ಕಾಯದೆ ತಮ್ಮ ವಂತಿಗೆ ಮತ್ತು ಶ್ರಮದಾನದಿಂದ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದರ ನೀರಿಗೆ ಶ್ರಮಬಿಂದು ಸಾಗರ ಎಂಬ ಹೆಸರು ನಿಂತಿತು. ಆಟದಲ್ಲಿ ಇದನ್ನು ಎಲ್ಲರೂ ಗುಟ್ಟಾಗಿ ತಮ್ಮ ಮುಷ್ಟಿಯಲ್ಲಿ ಬೀಜ ಹಿಡಿದು ಒಮ್ಮೆಲೇ ತೆರೆಯುವ ನಿಯಮವಾಗಿ ಬರೆಯಬಹುದು: ಒಟ್ಟು ಬೀಜಗಳು ನಿಗದಿತ ಸಂಖ್ಯೆ ಮುಟ್ಟಿದರೆ ದಂಡೆಯ ಎಲ್ಲ ಹೊಲಗಳಿಗೂ ಬೇಸಿಗೆಯ ನೀರು, ಮುಟ್ಟದಿದ್ದರೆ ಹಾಕಿದವರದೂ ನಷ್ಟ. ಹಾಕದೆ ಫಲ ಉಣ್ಣುವವರ ಸಮಸ್ಯೆ ಇಲ್ಲಿ ಖಂಡಿತ ಬರುತ್ತದೆ, ಆದರೆ ಒಂದೇ ಪಟದ ಸುತ್ತ ವರ್ಷಗಟ್ಟಲೆ ಕೂರುವವರ ನಡುವೆ ಅಂಥವರನ್ನು ಮುಂದಿನ ಸುತ್ತಿನಲ್ಲಿ ವಿಚಾರಿಸಿಕೊಳ್ಳುವ ಉಪಾಯಗಳು ಯಾವ ನಿಯಮಪುಸ್ತಕಕ್ಕೂ ಕಾಯುವುದಿಲ್ಲ.

ಉಳಿಯುವುದು ನೀರಿನ ಮಟ್ಟ. ಆಲಮಟ್ಟಿಯಲ್ಲಿ ಇಂದು ನೀರು ನಿಲ್ಲುವ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರ್‌ವರೆಗೆ ಏರಿಸಲು ಅವಕಾಶ ಕೊಟ್ಟಿದೆ. ಈ ಎರಡು ಸಂಖ್ಯೆಗಳ ನಡುವಿನ ನಾಲ್ಕೂವರೆ ಮೀಟರಿಗೂ ತುಸು ಹೆಚ್ಚಿನ ಅಂತರದಲ್ಲಿ ಇನ್ನಷ್ಟು ಹಳ್ಳಿಗಳೂ ಬಾಗಲಕೋಟೆಯ ಇನ್ನಷ್ಟು ಭಾಗವೂ ಇವೆ. ಅದೇ ಅಂತರದಲ್ಲಿ ದೂರದ ಒಣಭೂಮಿಗಳಿಗೆ ಸಿಗಬೇಕಾದ ನೀರೂ ಇದೆ. ಆದ್ದರಿಂದ ಈ ನಿಯಮವನ್ನು ದಾಳಕ್ಕೆ ಒಪ್ಪಿಸುವುದು ಸುಳ್ಳಾಗುತ್ತದೆ, ಒಬ್ಬ ಖಳನ ಎಲೆಗೆ ಒಪ್ಪಿಸುವುದೂ ಸುಳ್ಳಾಗುತ್ತದೆ. ದಂಡೆಯ ಮನೆಗಳು ಹೆಚ್ಚು ಫಲ ಕೊಡುವಂತೆ, ಎತ್ತರದ ಮನೆಗಳು ನೀರು ಬರುವವರೆಗೆ ಏನೂ ಕೊಡದಂತೆ ಪಟ ಬರೆದು, ಮಟ್ಟ ಏರಿಸುವ ಪ್ರಸ್ತಾವವನ್ನು ಎಲ್ಲರ ಮತಕ್ಕೆ ಹಾಕಿದರೆ ಆಟ ತನ್ನ ನಿಜವಾದ ಬಿಗಿಯನ್ನು ಪಡೆಯುತ್ತದೆ, ಏಕೆಂದರೆ ಒಬ್ಬನೇ ಆಟಗಾರನಿಗೆ ಕೆಳಗೂ ಮೇಲೂ ಹೊಲವಿರಬಹುದು.

ಮುಳುಗಿದ ಮನೆಗೆ ಪರಿಹಾರದ ಎಲೆ ಕೊಡಲೇಬೇಕು. ಅದರ ಮೇಲಿನ ಹಣ ಪ್ರಸ್ತಾವ ಗೆದ್ದ ದಿನದ ಬೆಲೆಯಲ್ಲಿ ಅಚ್ಚಾಗಿರಬೇಕು, ಆದರೆ ಅದು ಕೈಗೆ ಬರುವುದು ಎರಡು ಸುತ್ತುಗಳ ನಂತರವಾಗಿರಬೇಕು, ಮತ್ತು ಅಷ್ಟರಲ್ಲಿ ಎತ್ತರದ ನೆಲದ ಬೆಲೆ ಏರಿರಬೇಕು. ನಡುವಿನ ಆ ಎರಡು ಸುತ್ತುಗಳಲ್ಲಿ ಆಟಗಾರನಿಗೆ ಹಳೆಯ ಮನೆಯೂ ಇಲ್ಲ, ಹೊಸ ನಿವೇಶನವೂ ಇಲ್ಲ, ಸರದಿ ಮಾತ್ರ ಬರುತ್ತಿರುತ್ತದೆ; ಆ ಸರದಿಯಲ್ಲಿ ಅವನು ಏನು ಮಾಡಬಹುದು ಎಂಬುದನ್ನು ಈವರೆಗೆ ಹೆಸರಿಸಿದ ಯಾವ ಆಟವೂ ಬರೆದಿಲ್ಲ. ಕೂಲಿಗೆ ಪಕ್ಕದವರ ಮಗ್ಗದಲ್ಲಿ ಕೂರುವುದು, ಕಬ್ಬಿನ ಹಂಗಾಮಿಗೆ ಬೇರೆಯವರ ಹೊಲಕ್ಕೆ ಹೋಗುವುದು, ಪರಿಹಾರದ ಎಲೆಯನ್ನೇ ಅರ್ಧ ಬೆಲೆಗೆ ಒತ್ತೆಯಿಡುವುದು, ಈ ಮೂರು ನಡೆಗಳನ್ನಾದರೂ ಅವನಿಗೆ ಕೊಡಬೇಕು.